ಕಾರ್ತಿಕದ ಮೋಡ, ಹುಲ್ಲಿನ ಮೆದೆ

ಕಾರ್ತಿಕ ಮಾಸದ ಒಂದು ಸಂಜೆ. ನಿಮ್ಮ ಮನೆಯ ರೇಡಿಯೋದಲ್ಲಿ ವಾರ್ತೆ ಮುಗಿದು ಹವಾಮಾನದ ವರದಿ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ದಕ್ಷಿಣ ಒಳನಾಡಿನಲ್ಲಿ ಎರಡು ಮೂರು ದಿನ ಮಳೆಯಾಗುವ ಸಂಭವವುಂಟು ಎಂದು ಹೇಳುತ್ತಾರೆ. ಪಟ್ಟಣದಲ್ಲಿರುವ ನಾವು ಕೊಡೆ ಎಲ್ಲಿದೆಯೆಂದು ನೋಡುತ್ತೇವೆ. ಮಹಡಿಯ ಮೇಲೆ ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತೇವೆ. ಅಲ್ಲಿಗೆ ನಮ್ಮ ಪಾಲಿನ ಚಿಂತೆ ಮುಗಿಯಿತು. ಅದೇ ವರದಿಯನ್ನು ಊರಿನಿಂದ ಹತ್ತು ಮೈಲಿ ಆಚೆ ಒಬ್ಬ ರೈತನೂ ಕೇಳುತ್ತಾನೆ. ಅವನ ರಾಗಿ ನಿನ್ನೆ ಕೊಯ್ಲಾಗಿ ಹೊಲದಲ್ಲಿ ಅರಿ ಬಿದ್ದಿದೆ. ಬದುವಿನ ಹುಲ್ಲು ಅರ್ಧ ಒಣಗಿದೆ. ಈಗ ಅವನು ಮಾಡಬೇಕಾದ್ದೇನು? ರಾತ್ರೋರಾತ್ರಿ ಎಲ್ಲವನ್ನೂ ಹೊತ್ತು ತಂದು ಮೆದೆ ಹಾಕಬೇಕೆ? ಅಥವಾ ನೆನೆದರೆ ನೆನೆಯಲಿ ಎಂದು ಹೊಲದಲ್ಲಿಯೇ ಬಿಡಬೇಕೆ?

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಈ ಪ್ರಶ್ನೆಯನ್ನು ಕುರಿತು. ಹುಲ್ಲು ಒಣಗಿಸುವ ಮಾತು ರೇಡಿಯೋ ಇಟ್ಟುಕೊಂಡ ಪಟ್ಟಣದ ಸಂಸಾರಗಳಿಗೆ ಏಕೆ ಎಂದು ನೀವು ಕೇಳಬಹುದು. ಕಾರಣವಿಷ್ಟೆ: ಬೆಳಗ್ಗೆ ನಿಮ್ಮ ಕಾಫಿಗೆ ಬೀಳುವ ಹಾಲು ಈ ಹುಲ್ಲಿನಿಂದ ಬರುತ್ತದೆ. ಕರೆಯುವ ಹಸುವೊಂದಕ್ಕೆ ಹಸಿ ಮೇವು, ಹಿಂಡಿ, ಬೂಸಾಗಳ ಜೊತೆಗೆ ದಿನವೊಂದಕ್ಕೆ ಐದಾರು ಕಿಲೋ ಒಣ ಹುಲ್ಲು ಬೇಕು. ಡಿಸೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ, ಹಸಿರು ಕಾಣದ ಆರು ತಿಂಗಳಿಗೆ, ಇದು ಒಂದು ಟನ್ನಿನಷ್ಟಾಗುತ್ತದೆ. ಎರಡು ಹಸು ಕಟ್ಟಿದವನಿಗೆ ಎರಡು ಟನ್ನು. ಅಷ್ಟನ್ನೂ ಅವನು ಈ ಕೆಲವು ವಾರಗಳಲ್ಲಿ ಕೂಡಿಹಾಕಬೇಕು. ಹಾಕಿದ್ದು ಕೆಟ್ಟರೆ ಮಾರ್ಚಿಯಲ್ಲಿ ದುಬಾರಿ ಬೆಲೆಗೆ ಹುಲ್ಲು ಕೊಳ್ಳಬೇಕು, ಇಲ್ಲವೆ ಹಸುವನ್ನು ಸಂತೆಗೆ ಹೊಡೆಯಬೇಕು. ಮೂರನೆಯ ದಾರಿಯಿಲ್ಲ.

“ಗಾಳಿ ಬಂದಾಗ ತೂರಿಕೋ” ಎಂದು ನಮ್ಮ ಹಿರಿಯರು ಹೇಳಿದರು. ಇಂಗ್ಲಿಷರು ಇದೇ ಮಾತನ್ನು ಬಿಸಿಲಿರುವಾಗ ಹುಲ್ಲು ಒಣಗಿಸಿಕೋ ಎಂದು ಹೇಳುತ್ತಾರೆ. ಎರಡರ ತಾತ್ಪರ್ಯವೂ ಒಂದೇ. ಆದರೆ ಗಾಳಿ ಬರುವ, ಬಿಸಿಲು ಬೀಳುವ ಭರವಸೆಯೇ ಇಲ್ಲದಿದ್ದರೆ? ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಚಿತ್ತೆ, ಸ್ವಾತಿ, ವಿಶಾಖೆ ಎಂದು ಮಳೆ ನಕ್ಷತ್ರಗಳನ್ನು ಎಣಿಸುವ ಈ ದಿನಗಳು ಅಂಥವು. ಮುಂಗಾರು ಹಿಂದೆ ಸರಿದಿರುತ್ತದೆ. ಈಶಾನ್ಯದ ಮಳೆ ಬಂದೂ ಬಾರದಂತಿರುತ್ತದೆ. ನಾಲ್ಕು ದಿನ ಶುಭ್ರವಾದ ಆಕಾಶ, ಐದನೆಯ ದಿನ ಮೋಡ, ಆರನೆಯ ದಿನ ಜಡಿಮಳೆ. 2021ರ ನವೆಂಬರಿನಲ್ಲಿ ಬಿದ್ದ ಅಕಾಲ ಮಳೆಗೆ ತೆನೆಯೊಡನೆ ಮಲಗಿದ ರಾಗಿ ಹೊಲದಲ್ಲಿಯೇ ಮೊಳೆತದ್ದನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿತು. ಅದರ ಮಳೆ ಮುಂದಿನ ದಿನಗಳಲ್ಲಿ ಬೆಂಗಳೂರು, ಕೋಲಾರದ ಕಡೆಗೂ ಬಂತು. ಈ ಎರಡು ವರ್ಷಗಳ ನಡುವೆ, 2023ರಲ್ಲಿ, ಮಳೆಯೇ ಬಾರದೆ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಒಂದು ವರ್ಷ ಹುಲ್ಲು ಕೊಳೆಯುತ್ತದೆ, ಇನ್ನೊಂದು ವರ್ಷ ಹುಲ್ಲೇ ಬೆಳೆಯುವುದಿಲ್ಲ. ಆದ್ದರಿಂದಲೇ ಬೆಳೆದ ವರ್ಷ ಬೆಳೆದದ್ದನ್ನು ಉಳಿಸಿಕೊಳ್ಳುವುದು ಇಷ್ಟು ದೊಡ್ಡ ಮಾತಾಗಿದೆ.

ಹುಲ್ಲು ಒಣಗಿಸುವುದೆಂದರೆ ಅದರಲ್ಲಿರುವ ನೀರನ್ನು ಹೊರಗೆ ಕಳಿಸುವುದು. ನೋಡುವುದಕ್ಕೆ ಸುಲಭ, ಲೆಕ್ಕ ಹಾಕಿದರೆ ಸೋಜಿಗ. ನೂರು ಕಿಲೋ ಹಸಿರು ಹುಲ್ಲಿನಲ್ಲಿ 75 ಕಿಲೋದಷ್ಟು ನೀರೇ ಇರುತ್ತದೆ. ಮೆದೆಗೆ ಏರಿಸುವ ಹುಲ್ಲಿನಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ತೇವ ಇರದಿದ್ದರೆ ಒಳ್ಳೆಯದು. ಹಾಗಾದರೆ ಒಂದು ಟನ್ನು ಒಣ ಹುಲ್ಲು ಕೈಗೆ ಬರಬೇಕಾದರೆ ಸುಮಾರು 2,400 ಲೀಟರು ನೀರು ಹೊಲದಿಂದ ಆವಿಯಾಗಿ ಹೋಗಬೇಕು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ 160 ಕೊಡ! ಕಾಳು ಮಾಗಿದ ರಾಗಿಯಲ್ಲಿ ನೀರು ಇಷ್ಟಿರುವುದಿಲ್ಲ, ನಿಜ. ಆದರೆ ತೆನೆ ಮಾಗಿದ ಮೇಲೂ ರಾಗಿಯ ದಂಟು ಹಸಿರಾಗಿರುತ್ತದೆ. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲನ್ನು ದನಗಳು ಇಷ್ಟಪಡುವುದಕ್ಕೂ, ಅದು ಒಣಗಲು ತಡವಾಗುವುದಕ್ಕೂ ಈ ಹಸಿರೇ ಕಾರಣ.

ಇಷ್ಟು ನೀರನ್ನು ಎತ್ತುವ ಕೂಲಿಗಳು ಇಬ್ಬರು: ಬಿಸಿಲು ಮತ್ತು ಗಾಳಿ. ಕಾರ್ತಿಕದಲ್ಲಿ ಇಬ್ಬರೂ ಸೋಮಾರಿಗಳು. ಜೂನ್ ತಿಂಗಳಿಗಿಂತ ಹಗಲು ಒಂದು ಗಂಟೆಗೂ ಮೇಲೆ ಕುಗ್ಗಿರುತ್ತದೆ. ಬಿಸಿಲು ಓರೆಯಾಗಿ ಬೀಳುತ್ತದೆ. ಬೆಳಗಿನ ಇಬ್ಬನಿ ಆರುವುದು ಒಂಬತ್ತು ಹತ್ತು ಗಂಟೆಗೆ; ಸಂಜೆ ಆರಕ್ಕೆ ಮತ್ತೆ ತಣ್ಣಗಾಗಿ ಇಬ್ಬನಿ ಇಳಿಯತೊಡಗುತ್ತದೆ. ನಡುವೆ ದಕ್ಕುವುದು ಏಳೆಂಟು ಗಂಟೆ ಮಾತ್ರ. ಹಗಲು ಕಳೆದ ತೇವದಲ್ಲಿ ಒಂದು ಪಾಲನ್ನು ಹುಲ್ಲು ರಾತ್ರಿ ತಿರುಗಿ ಪಡೆದುಕೊಳ್ಳುತ್ತದೆ. ಬೇಸಗೆಯಲ್ಲಿ ಎರಡು ದಿನಕ್ಕೆ ಒಣಗುವುದು ಈಗ ನಾಲ್ಕೈದು ದಿನ ಹಿಡಿದರೆ ಆಶ್ಚರ್ಯವಿಲ್ಲ.

ಇಲ್ಲಿ ನಮ್ಮ ಗೃಹಿಣಿಯರಿಗೆ ಚೆನ್ನಾಗಿ ತಿಳಿದ ಒಂದು ಸಂಗತಿಯನ್ನು ನೆನಪು ಮಾಡುತ್ತೇನೆ. ಮಹಡಿಯ ಮೇಲೆ ಸಂಡಿಗೆ ಇಟ್ಟಿದ್ದೀರಿ. ಸಂಜೆಗೆ ಮುಟ್ಟಿ ನೋಡಿದರೆ ಗರಿಗರಿಯಾಗಿದೆ. ಅದನ್ನು ಅಂದೇ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದರೆ ವಾರ ಕಳೆಯುವುದರೊಳಗೆ ಬೂಷ್ಟು ಹಿಡಿದೀತು. ಮೇಲೆ ಒಣಗಿತ್ತು, ಹೊಟ್ಟೆಯಲ್ಲಿ ಹಸಿಯಿತ್ತು. ಹುಲ್ಲಿನದೂ ಇದೇ ಕಥೆ. ಎಲೆ ಬೇಗ ಒಣಗುತ್ತದೆ, ದಂಟು ತಡವಾಗಿ ಒಣಗುತ್ತದೆ, ದಂಟಿನ ಗೆಣ್ಣು ಎಲ್ಲಕ್ಕಿಂತ ತಡ. ಎಲೆ ಮುರುಟಿದ್ದನ್ನು ನೋಡಿ ಹುಲ್ಲು ಒಣಗಿತೆಂದು ತಿಳಿದವನು ಮೋಸಹೋಗುತ್ತಾನೆ. ಅನುಭವಸ್ಥರು ಒಂದು ಹಿಡಿ ಹುಲ್ಲನ್ನು ಬಿಗಿಯಾಗಿ ತಿರುಚಿ ನೋಡುತ್ತಾರೆ. ಗೆಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. ತಿರುಚಿದಾಗ ದಂಟು ಬಳುಕಿದರೆ, ಉಗುರಿಗೆ ಪಸೆ ತಗಲಿದರೆ, ಇನ್ನೂ ಒಂದು ದಿನದ ಬಿಸಿಲು ಬೇಕೆಂದು ಅರ್ಥ.

ಮಳೆ ಬಂದರೆ ಹುಲ್ಲಿಗೆ ಆಗುವ ಹಾನಿ ಎಷ್ಟು? ಇದು ಮಳೆ ಯಾವಾಗ ಬಂತೆಂಬುದರ ಮೇಲೆ ನಿಂತಿದೆ. ಆಗತಾನೆ ಕೊಯ್ದ ಹಸಿ ಹುಲ್ಲಿನ ಮೇಲೆ ಒಂದು ಹದ ಮಳೆ ಬಿದ್ದರೆ ಅಷ್ಟೇನೂ ಕೆಡುವುದಿಲ್ಲ. ಹುಲ್ಲಿನ ಮೈಮೇಲೆ ಮೇಣದಂಥ ಒಂದು ಹೊದಿಕೆಯುಂಟು. ನೀರು ಜಾರಿ ಕೆಳಗಿಳಿಯುತ್ತದೆ. ಆಗ ಅದನ್ನು ಕೆದಕದೆ, ತಿರುವಿಹಾಕದೆ ಸುಮ್ಮನೆ ಬಿಡುವುದೇ ಲೇಸು. ಮುಕ್ಕಾಲು ಒಣಗಿದ ಹುಲ್ಲಿನ ಮೇಲೆ ಬಿದ್ದ ಮಳೆ ಹೆಚ್ಚು ಕೆಡುಕು. ಒಣಗಿ ಬಿರುಕುಬಿಟ್ಟ ದಂಟಿನೊಳಕ್ಕೆ ನೀರು ಇಳಿದು ಅದರ ಸಕ್ಕರೆಯನ್ನೂ ಲವಣಗಳನ್ನೂ ತೊಳೆದುಬಿಡುತ್ತದೆ. ಎಲೆ ಉದುರುತ್ತದೆ, ಸತ್ತ್ವದ ಬಹುಪಾಲು ಇರುವುದು ಎಲೆಯಲ್ಲಿಯೇ. ಬಣ್ಣ ಮಾಸಿ ಕಪ್ಪಾಗುತ್ತದೆ. ಇಷ್ಟಾದರೂ, ಮತ್ತೆ ಬಿಸಿಲು ಕಂಡು ಚೆನ್ನಾಗಿ ಒಣಗಿದರೆ ಅದು ಸಪ್ಪೆಯಾದ ಹುಲ್ಲಾದೀತೇ ಹೊರತು ಕೆಟ್ಟ ಹುಲ್ಲಾಗುವುದಿಲ್ಲ. ಹಿಂಡಿಯ ಕೈಯನ್ನು ಸ್ವಲ್ಪ ಮುಂದೆ ಮಾಡಿದರೆ ಹಸು ತಿಂದು ಬದುಕುತ್ತದೆ.

ಮಳೆಗೆ ಹೆದರಿ ಹಸಿಯಾಗಿಯೇ ಮೆದೆಗೆ ಏರಿಸಿದ ಹುಲ್ಲಿನ ಪಾಡು ಹೀಗಲ್ಲ. ಹೊಲದಲ್ಲಿ ನೆನೆದ ಹುಲ್ಲಿನಲ್ಲಿ ಸ್ವಲ್ಪ ಹೋಗುತ್ತದೆ. ಮೆದೆಯಲ್ಲಿ ಬೆಂದ ಹುಲ್ಲಿನಲ್ಲಿ ಎಲ್ಲವೂ ಹೋಗುತ್ತದೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದೇ ಮಾತು. ಋತು ಮುಗಿಯುವ ಕಾಲದಲ್ಲಿ ಮಳೆಗಿಂತ ನಮ್ಮ ಆತುರವೇ ಹೆಚ್ಚು ಅಪಾಯಕಾರಿ.

ಮೆದೆಯ ಒಳಗೆ ನಡೆಯುವುದೇನು? ಕೊಯ್ದ ಹುಲ್ಲು ಕೂಡಲೇ ಸಾಯುವುದಿಲ್ಲ. ತೇವವಿರುವತನಕ ಉಸಿರಾಡುತ್ತಲೇ ಇರುತ್ತದೆ. ಉಸಿರಾಟದಿಂದ ಶಾಖ ಹುಟ್ಟುತ್ತದೆ. ತೇವ ಮತ್ತು ಬಿಸಿ ಕೂಡಿದಲ್ಲಿ ಸೂಕ್ಷ್ಮಜೀವಿಗಳ ಸಂತೆ ನೆರೆಯುತ್ತದೆ. ಅವುಗಳಿಂದ ಮತ್ತಷ್ಟು ಶಾಖ. ಮೆದೆಯ ಹೊಟ್ಟೆಯಿಂದ ಆ ಶಾಖ ಹೊರಗೆ ಹೋಗಲಾರದು. ಹುಲ್ಲೇ ಕಂಬಳಿಯಂತೆ ತಡೆಯುತ್ತದೆ. ಆಗ ಹುಲ್ಲು ಕಂದಾಗಿ ಹೊಗೆಸೊಪ್ಪಿನಂಥ ಇಲ್ಲವೆ ಸುಟ್ಟ ಬೆಲ್ಲದಂಥ ವಾಸನೆ ಬರುತ್ತದೆ. ಶಾಖ 65 ಡಿಗ್ರಿ ಸೆಂಟಿಗ್ರೇಡಿಗೆ ಮುಟ್ಟಿದರೆ ಎಚ್ಚರಿಕೆಯ ಗಂಟೆ ಬಾರಿಸಿದಂತೆ. 80 ದಾಟಿದರೆ ಒಳಗೇ ಕಿಡಿ ಹುಟ್ಟುವ ಸಂಭವವುಂಟು. ಬೆಂಕಿಕಡ್ಡಿ ಗೀರದೆ ತಾನೇ ಹೊತ್ತಿ ಉರಿದ ಮೆದೆಗಳ ಸಂಗತಿ ತಂಪು ದೇಶಗಳ ರೈತರಿಗೆ ಹೊಸದಲ್ಲ. ಮೆದೆ ಬೆಚ್ಚಗಾಗಿದೆಯೆಂಬ ಅನುಮಾನ ಬಂದರೆ ಒಂದು ಹಾರೆಯನ್ನು ಅದರ ನಡುವಿಗೆ ಚುಚ್ಚಿ ಕಾಲು ಗಂಟೆ ಬಿಟ್ಟು ಎಳೆದು ನೋಡಬೇಕು. ತುದಿ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಅವಸರದಿಂದ ಮೆದೆಯನ್ನು ಕೆದಕಬಾರದು. ಒಳಗೆ ಗಾಳಿ ನುಗ್ಗಿದರೆ ಕಿಡಿ ಜ್ವಾಲೆಯಾದೀತು. ಅಗ್ನಿಶಾಮಕ ದಳದವರನ್ನು ಕರೆಸಿ, ನೀರು ಸಿದ್ಧವಾಗಿಟ್ಟುಕೊಂಡ ಮೇಲೆಯೇ ಕೈಹಚ್ಚಬೇಕು.

ನಮ್ಮ ಕಡೆಯ ಸಣ್ಣ ಮೆದೆಗಳಲ್ಲಿ ಬೆಂಕಿಗಿಂತ ಬೂಷ್ಟಿನ ಕಾಟ ಹೆಚ್ಚು. ಬೂಷ್ಟು ಹಿಡಿದ ಹುಲ್ಲು ಏನೇನು ಮಾಡಬಲ್ಲುದೆಂಬುದಕ್ಕೆ ಒಂದು ವಿಚಿತ್ರವಾದ ಕಥೆಯುಂಟು. ಇದು ನಡೆದದ್ದು ಅಮೆರಿಕ ಮತ್ತು ಕೆನಡಾಗಳಲ್ಲಿ. ಅಲ್ಲಿನ ರೈತರು ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡವನ್ನು ಬೆಳೆಯುತ್ತಿದ್ದರು. ಅದು ನಮ್ಮ ಮೆಂತ್ಯದ ಹತ್ತಿರದ ನೆಂಟ. ಒಣಗಿದರೆ ಸೊಗಸಾದ ಸುವಾಸನೆ. ಕೌಮರಿನ್ ಎಂಬ ವಸ್ತುವಿನಿಂದ ಆ ವಾಸನೆ. 1920ರ ದಶಕದಲ್ಲಿ ಅಲ್ಲಿ ದನಗಳು ಕಾರಣವಿಲ್ಲದೆ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಎಲ್ಲೋ ತರಚಿದರೆ ಸಾಕು, ರಕ್ತ ನಿಲ್ಲುತ್ತಲೇ ಇರಲಿಲ್ಲ. ಕೆನಡಾದ ಪಶುವೈದ್ಯ ಫ್ರ್ಯಾಂಕ್ ಸ್ಕೋಫೀಲ್ಡ್ ಇದಕ್ಕೆ ಕಾರಣ ಬೂಷ್ಟು ಹಿಡಿದ ಕ್ಲೋವರ್ ಹುಲ್ಲೆಂದು ತೋರಿಸಿಕೊಟ್ಟನು. ಚೆನ್ನಾಗಿ ಒಣಗಿದ ಅದೇ ಹುಲ್ಲಿನಿಂದ ಯಾವ ತೊಂದರೆಯೂ ಇರಲಿಲ್ಲ.

ಆದರೆ ಹುಲ್ಲಿನಲ್ಲಿ ಆ ವಿಷ ಯಾವುದು? 1933ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿಯ ನಡುವೆ, ವಿಸ್ಕಾನ್ಸಿನ್ ಸಂಸ್ಥಾನದ ಒಬ್ಬ ರೈತ ತನ್ನ ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಒಂದಷ್ಟು ಕೆಟ್ಟ ಹುಲ್ಲನ್ನೂ ಗಾಡಿಗೆ ಹೇರಿಕೊಂಡು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಎಂಬವರ ಬಾಗಿಲಿಗೆ ಬಂದನು. ಲಿಂಕ್ ಮತ್ತು ಅವರ ಸಂಗಡಿಗರು ಆರು ವರ್ಷ ದುಡಿದು 1939ರಲ್ಲಿ ವಿಷವನ್ನು ಬೇರ್ಪಡಿಸಿದರು. ಸುವಾಸನೆಯ ಆ ಕೌಮರಿನ್ನನ್ನೇ ಬೂಷ್ಟು ಡೈಕೌಮರಾಲ್ ಎಂಬ ವಿಷವಾಗಿ ಮಾರ್ಪಡಿಸುತ್ತಿತ್ತು. ಅದೇ ಜಾತಿಯ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವೂ ಆಯಿತು. ನಿಮ್ಮ ಬಂಧುಗಳಲ್ಲಿ ಹೃದಯದ ಕಾಯಿಲೆಯವರು ಯಾರಾದರೂ ಆ ಗುಳಿಗೆಯನ್ನು ನುಂಗುತ್ತಿರಬಹುದು. ಸರಿಯಾಗಿ ಒಣಗದ ಒಂದು ಹೊರೆ ಹುಲ್ಲಿನಿಂದ ಹೊರಟ ಕಥೆ ಎಲ್ಲಿಗೆ ಬಂದು ಮುಟ್ಟಿತು, ನೋಡಿ!

ಇದು ಕ್ಲೋವರಿನ ಕಥೆ, ನಮ್ಮ ರಾಗಿ ಹುಲ್ಲಿನದಲ್ಲ. ಆದರೆ ನಮ್ಮ ದೇಶದ ಕಥೆಯೂ ಒಂದುಂಟು. ಅವಿಭಕ್ತ ಪಂಜಾಬಿನ ದೇಗ್ ನಾಲಾ ಎಂಬ ಹಳ್ಳದ ಸೀಮೆಯಿಂದ ಹೆಸರು ಪಡೆದ ದೇಗ್‌ನಾಲಾ ರೋಗ, ಚಳಿಗಾಲದಲ್ಲಿ ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಿಗೆ ಬರುತ್ತದೆ. ಬಾಲದ ತುದಿ, ಕಿವಿ, ಕಾಲು ಕೊಳೆಯುತ್ತವೆ; ಗೊರಸು ಕಳಚಿ ಬೀಳುವುದೂ ಉಂಟು. ಹುಲ್ಲನ್ನು ಬದಲಿಸುವುದೇ ಮೊದಲ ಚಿಕಿತ್ಸೆ. ದನಕ್ಕೆ ಮಾತ್ರವಲ್ಲ, ಬೂಷ್ಟಿನ ದೂಳು ಹುಲ್ಲು ಕೊಡವುವ ಮನುಷ್ಯನ ಶ್ವಾಸಕೋಶವನ್ನೂ ಕೆಡಿಸುತ್ತದೆ. ಕೊಟ್ಟಿಗೆಯ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಂಗಸರದು. ಆ ಕೆಮ್ಮು ಅವರ ಪಾಲಿಗೆ ಬರುತ್ತದೆ.

ಹಾಗಾದರೆ ಕೊಯ್ಲನ್ನೇ ಮುಂದಕ್ಕೆ ಹಾಕಿದರೆ? ಅದಕ್ಕೂ ಒಂದು ಬೆಲೆಯುಂಟು. ಹುಲ್ಲು ಹೂ ಬಿಡುವ ಹೊತ್ತಿಗೆ ಕೊಯ್ದರೆ ಸತ್ತ್ವ ಹೆಚ್ಚು. ಬೀಜ ಕಟ್ಟಿ ಬಲಿತ ಮೇಲೆ ಕೊಯ್ದರೆ ನಾರು ಹೆಚ್ಚು. ಸೂಜಿಯಂಥ ಊಬು ಬಿಡುವ ಹುಲ್ಲುಗಳಾದರೆ ಬಲಿತ ಮೇಲೆ ದನದ ಬಾಯಿಗೂ ಕುರಿಯ ಚರ್ಮಕ್ಕೂ ಚುಚ್ಚುತ್ತವೆ. ಮಾಗಿದ ರಾಗಿಯನ್ನು ನಿಲ್ಲಿಸಿಕೊಂಡರೆ ಗಾಳಿಮಳೆಗೆ ಅದು ಮಲಗುತ್ತದೆ. ಬೇಗ ಕೊಯ್ದರೆ ಮಳೆಯ ಭಯ, ತಡಮಾಡಿದರೆ ಸತ್ತ್ವದ ನಷ್ಟ. ಇವೆರಡರ ನಡುವೆ ದಾರಿ ಹುಡುಕುವುದೇ ಜಾಣತನ.

ಆ ದಾರಿಯ ಮೊದಲ ಹೆಜ್ಜೆ, ಎಲ್ಲವನ್ನೂ ಒಮ್ಮೆಗೇ ಕೊಯ್ಯದಿರುವುದು. ಒಂದು ದಿನದಲ್ಲಿ ಮನೆಯ ಆಳುಗಳಿಂದ ಎತ್ತಿಡಲು ಸಾಧ್ಯವಾದಷ್ಟನ್ನೇ ಆ ದಿನ ಕೊಯ್ಯಬೇಕು. ಮಳೆ ಬಂದರೆ ಒಂದು ಪಾಲಿಗೆ ಪೆಟ್ಟು, ಉಳಿದದ್ದು ನಿಂತಿರುತ್ತದೆ. ಎರಡನೆಯದು, ವರದಿಯನ್ನು ಕೇಳಿಕೊಳ್ಳುವುದು. ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ದಡ ಸೇರಲು ಸಾಮಾನ್ಯವಾಗಿ ಕೆಲವು ದಿನಗಳೇ ಬೇಕು. ಅಷ್ಟರಮಟ್ಟಿಗೆ ನಮಗೆ ಮುನ್ಸೂಚನೆ ಸಿಗುತ್ತದೆ. ಮಳೆ ಹಿಂದೆ ಸರಿದು ಆಕಾಶ ತಿಳಿಯಾದ ದಿನವೇ ಕುಡುಗೋಲು ಹಿಡಿಯಬೇಕು. ಮೂರನೆಯದು, ಮುಕ್ಕಾಲು ಒಣಗಿದ ಹುಲ್ಲಿಗೆ ಮೋಡ ಕವಿದಾಗ ದೊಡ್ಡ ಮೆದೆ ಹಾಕದೆ ಹೊಲದಲ್ಲಿಯೇ ಆಳೆತ್ತರದ ಸಣ್ಣ ಗುಪ್ಪೆಗಳನ್ನು ಮಾಡುವುದು. ಮೇಲಿನ ಪದರ ನೆನೆದರೂ ಒಳಗು ಉಳಿಯುತ್ತದೆ. ಗುಪ್ಪೆ ಸಣ್ಣದಾದ್ದರಿಂದ ಶಾಖ ನಿಲ್ಲುವುದಿಲ್ಲ. ಬಿಸಿಲು ಬಂದೊಡನೆ ಬಿಡಿಸಿ ಹರಡಬಹುದು.

ಮಳೆ ಬಿಡದ ನಾಡುಗಳವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ನಾರ್ವೆಯ ರೈತರು ಹೊಲದಲ್ಲಿ ಗೂಟ ನೆಟ್ಟು, ಸಾಲಾಗಿ ತಂತಿ ಕಟ್ಟಿ, ಒಗೆದ ಬಟ್ಟೆ ಹರವಿದಂತೆ ಹಸಿ ಹುಲ್ಲನ್ನು ಹರವುತ್ತಿದ್ದರು. ಸ್ಲೊವೇನಿಯಾದಲ್ಲಿ ಕೊಜೊಲೆಟ್ಸ್ ಎಂಬ ಮಾಡಿನ ಅಡಿಯ ಮರದ ಹಂದರಗಳು ಇಂದಿಗೂ ಆ ದೇಶದ ಗುರುತಾಗಿ ನಿಂತಿವೆ. ನೆಲದ ತೇವಕ್ಕೆ ತಾಗದೆ ಸುತ್ತಲೂ ಗಾಳಿ ಆಡಿದರೆ ಬಿಸಿಲು ಕಡಿಮೆಯಾದರೂ ಹುಲ್ಲು ಒಣಗುತ್ತದೆ ಎಂಬುದೇ ಇದರ ಮರ್ಮ. ಮೂರು ಬಿದಿರನ್ನು ಮುಕ್ಕಾಲಿಯಂತೆ ಕಟ್ಟಿ ಅದರ ಮೇಲೆ ಹೊದಿಸಿದರೆ ನಮ್ಮಲ್ಲಿಯೂ ಇಷ್ಟನ್ನು ಸಾಧಿಸಬಹುದು.

ಮೆದೆ ಹಾಕುವಾಗ ಅಡಿಗೆ ಕಲ್ಲು, ಅದರ ಮೇಲೆ ಕಟ್ಟಿಗೆ ಇಲ್ಲವೆ ತೊಗರಿ ಕಡ್ಡಿ ಹಾಸಿ ನೆಲದಿಂದ ಒಂದಡಿ ಮೇಲೆತ್ತಬೇಕು. ನಡು ಉಬ್ಬಿರಬೇಕು, ಸುತ್ತಿನ ಕಂತೆಗಳು ಹೊರಕ್ಕೆ ಇಳಿಜಾರಾಗಿರಬೇಕು, ನೆತ್ತಿ ಚೂಪಾಗಿರಬೇಕು. ರಾಗಿಯನ್ನು ತೆನೆ ಒಳಗಾಗಿ ಜೋಡಿಸಿ ಒಂದೆರಡು ತಿಂಗಳು ಮೆದೆಯಲ್ಲಿಟ್ಟು ಆಮೇಲೆ ಕಣ ಮಾಡುವ ಹಳೆಯ ಪದ್ಧತಿಯಲ್ಲಿ ಈ ಕೆಲಸಕ್ಕೆಂದೇ ಪಳಗಿದ ಕೈಗಳಿದ್ದವು. ಈಗ ಯಂತ್ರದ ಕೊಯ್ಲು ಬಂದಿದೆ, ಕೈಗಳು ಕಡಿಮೆಯಾಗಿವೆ, ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಹೊದಿಕೆ ಒಳ್ಳೆಯದೇ. ಆದರೆ ಬೆಚ್ಚಗಿರುವ ಹುಲ್ಲಿಗೆ ಅದನ್ನು ಬುಡದವರೆಗೂ ಬಿಗಿದರೆ ಒಳಗೆ ಬೆವರು ಕಟ್ಟಿ ಮಳೆಯೇ ಬಿದ್ದಂತಾಗುತ್ತದೆ. ನೆತ್ತಿಗೆ ಮಾತ್ರ ಹೊದಿಸಿ ಪಕ್ಕಗಳನ್ನು ತೆರೆದಿಡಬೇಕು.

ಏನು ಮಾಡಿದರೂ ಒಣಗದು ಎನ್ನುವಂಥ ವರ್ಷಗಳೂ ಇರುತ್ತವೆ. ಆಗ ಹಸಿ ಮೇವನ್ನು ಒಣಗಿಸುವ ಹಟವನ್ನೇ ಬಿಡಬಹುದು. ಹಸಿರು ಜೋಳ, ಮುಸುಕಿನ ಜೋಳ, ಎಳೆಯ ಹುಲ್ಲುಗಳನ್ನು ಕತ್ತರಿಸಿ ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ ಸುಮಾರು ಒಂದೂವರೆ ತಿಂಗಳಲ್ಲಿ ರಸಮೇವು ಸಿದ್ಧವಾಗುತ್ತದೆ. ಉಪ್ಪಿನಕಾಯಿಯಂತೆ ಹುಳಿಯೇ ಅದನ್ನು ಕಾಪಾಡುತ್ತದೆ. ಮಾಗಿದ ರಾಗಿಯ ಹುಲ್ಲಿಗೆ ಇದು ಹೊಂದುವುದಿಲ್ಲ; ಹಸಿರಿರುವ ಮೇವಿಗೆ ಮಾತ್ರ. ಇನ್ನು ಮೆದೆಯಲ್ಲಿ ಕೆಟ್ಟುಹೋದ ಹುಲ್ಲನ್ನು ಮರುಕದಿಂದ ದನಕ್ಕೆ ಹಾಕಬಾರದು. ಗೊಬ್ಬರದ ಗುಂಡಿಗೋ ತೆಂಗಿನ ಬುಡಕ್ಕೋ ಸಲ್ಲಲಿ.

ಪಟ್ಟಣಿಗರಾದ ನೀವು ಇದರಲ್ಲಿ ಮಾಡಬಹುದಾದ್ದು ಸ್ವಲ್ಪವೇ, ಆದರೆ ಇಲ್ಲದಿಲ್ಲ. ಕಾರ್ತಿಕದ ದೀಪಗಳ ದಿನ ಬಾಣಬಿರುಸುಗಳನ್ನು ಹಚ್ಚುವಾಗ ಹತ್ತಿರದಲ್ಲಿ ಯಾರದಾದರೂ ಮೆದೆಯಿದೆಯೇ ಎಂದು ನೋಡಿ. ಡಾಂಬರು ರಸ್ತೆಯ ಮೇಲೆ ರಾಗಿ ಹರಡಿದ್ದರೆ ವಾಹನವನ್ನು ನಿಧಾನವಾಗಿ ನಡೆಸಿ. ಹಾಗೆ ಹರಡುವುದು ಸರಿಯಲ್ಲ, ಅಪಘಾತಕ್ಕೂ ದಾರಿಯಾಗುತ್ತದೆ, ನಿಜ. ಗಾಲಿಗೆ ಸುತ್ತಿಕೊಂಡ ಹುಲ್ಲು ಬಿಸಿಯಾಗಿ ಹೊತ್ತಿಕೊಂಡರೆ ಅಪಾಯ ನಿಮಗೂ ಉಂಟು. ಹಿತ್ತಲಲ್ಲಿ ಹಸು ಕಟ್ಟಿಕೊಂಡವರಾದರೆ ಹುಲ್ಲಿನ ಗಾಡಿ ಬಂದಾಗ ಮೇಲಿನ ಬಣ್ಣಕ್ಕೆ ಮರುಳಾಗದೆ ಹೊರೆಯ ನಡುವಿಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬಿಳಿಯ ದೂಳು ಎದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಹಳ್ಳಿಯಲ್ಲಿ ನಿಮಗೆ ಹೊಲವೋ ನೆಂಟರೋ ಇದ್ದರೆ ಇನ್ನೊಂದು ಕೆಲಸ ನಿಮ್ಮ ಕೈಯಲ್ಲಿಯೇ ಇದೆ. ವಾಯುಭಾರ ಕುಸಿದ ಸುದ್ದಿ ಕೇಳಿದ ಸಂಜೆ ಅವರಿಗೊಂದು ಫೋನು ಮಾಡಿ. ಮಳೆ ಬರುತ್ತದಂತೆ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಆ ಮಾತು ಅವರ ಆತುರವನ್ನು ಹೆಚ್ಚಿಸೀತು. ಹಸಿಯಿದ್ದರೆ ಹೊಲದಲ್ಲಿಯೇ ಬಿಡಿ, ಅರೆ ಒಣಗಿದ್ದರೆ ಸಣ್ಣ ಗುಪ್ಪೆ ಮಾಡಿ, ಪೂರ್ತಿ ಒಣಗಿದ್ದನ್ನು ಮಾತ್ರ ಮೆದೆಗೆ ಏರಿಸಿ ಎಂದು ಹೇಳಿ. ಮಳೆ ಎರಡು ದಿನ ಸುರಿದು ಹೋದೀತು. ಮೆದೆ ಮುಂದಿನ ಮುಂಗಾರಿನವರೆಗೆ ನಿಲ್ಲಬೇಕು.